ಅಡಿಕೆಗೆ ಹತ್ತು ದರ್ಜೆ, ಟಿವಿಗೆ ಒಂದೇ: ಎ ಪ್ಲಸ್

ನಮ್ಮ ಬಾವನ ಕೈಗೆ ಒಂದು ಮುಷ್ಟಿ ಅಡಿಕೆ ಕೊಟ್ಟು ನೋಡಿ. ಅಂಗೈಯಲ್ಲಿ ಒಮ್ಮೆ ಕುಲುಕುತ್ತಾನೆ. ಸದ್ದು ಕೇಳುತ್ತಾನೆ. ಒಂದನ್ನು ಅಡಕತ್ತರಿಗೆ ಕೊಟ್ಟು ಒಳಗಿನ ಗೆರೆ ನೋಡುತ್ತಾನೆ. ಆಮೇಲೆ ತೀರ್ಪು ಬರುತ್ತದೆ: ಒಳ್ಳೇ ಚಾಲಿ ಹೌದು, ಆದರೆ ಮೂರು ಕೆಳದರ್ಜೆಯ ಬಿಳೆಗೋಟು ಸೇರಿದೆ, ಈ ಒಂದು ಹಾಳು ಕೋಕಾ ಯಾರ ಕಣ್ಣು ತಪ್ಪಿಸಿ ಬಂತೋ. ನಲವತ್ತು ವರ್ಷದಿಂದ ಶಿರಸಿಯಲ್ಲಿ ಟೆಂಡರಿಗೆ ಅಡಿಕೆ ಇಡುತ್ತಿರುವ ಮನುಷ್ಯ. ಇವನಿಗೆ ಟೋಪಿ ಹಾಕಬೇಕು ಅಂದರೆ ವ್ಯಾಪಾರಿ ಇನ್ನೊಂದು ಜನ್ಮ ಎತ್ತಿ ಬರಬೇಕು.

ಇಂಥ ಬಾವನನ್ನು ಜೊತೆಗೆ ಕಟ್ಟಿಕೊಂಡು ಟಿವಿ ತರಲು ಹೋದೆ. ಹಳೇ ಟಿವಿ ಹೋದ ವರ್ಷದ ಸಿಡಿಲಿಗೆ ಸತ್ತಿತ್ತು. ಕೈಯಲ್ಲಿ ಅಡಿಕೆ ದುಡ್ಡು ಇತ್ತು. ಮಳೆ ಹಿಡಿಯುವುದಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಆಯಿಗೆ, ಅಂದರೆ ನಮ್ಮ ಅಮ್ಮನಿಗೆ, ಬೇಕಾದದ್ದು ಎರಡೇ: ಚಂದನದಲ್ಲಿ ವಾರ್ತೆ, ಯೂಟ್ಯೂಬಿನಲ್ಲಿ ಯಕ್ಷಗಾನ. ಕಡಿಮೆ ದುಡ್ಡಿಗೆ ಒಳ್ಳೇ ಟಿವಿ ತರುವುದು ಏನು ದೊಡ್ಡ ಕೆಲಸ ಅಂದುಕೊಂಡಿದ್ದೆ.

ಅಂಗಡಿಯ ಹುಡುಗ ಹುಬ್ಬಳ್ಳಿ ಕಡೆಯವನು. ಬಲು ಮರ್ಯಾದಸ್ಥ. ಮೊದಲನೇ ಟಿವಿ ತೋರಿಸಿ, “ಇದ್ರಾಗ ಎ ಪ್ಲಸ್ ಗ್ರೇಡ್ ಪ್ಯಾನೆಲ್ ಐತ್ರಿ ಸರ್” ಅಂದ. ಎರಡನೆಯದಕ್ಕೂ ಅದೇ ಮಾತು. ಮೂರನೆಯದು ಬೇರೆ ಕಂಪನಿಯದು, ಆರು ಸಾವಿರ ಕಡಿಮೆ. ಅದೂ ಎ ಪ್ಲಸ್.

ಬಾವನಿಗೆ ದರ್ಜೆ ಅಂದ ಕೂಡಲೇ ಕಿವಿ ನೆಟ್ಟಗಾಗುತ್ತದೆ. “ಬಿ ಗ್ರೇಡಿಂದು ಇದ್ಯಾ ತಮ್ಮಾ? ಇದ್ರೆ ಅದನ್ನೂ ಹಚ್ಚು. ಎರಡೂ ಪಕ್ಕಪಕ್ಕ ಇಟ್ಟು ನೋಡೋಣ.”

ಹುಡುಗ ನಕ್ಕ. “ಬಿ ಗ್ರೇಡ್ ನಮ್ಮಲ್ಲಿ ಇಲ್ರಿ.”

“ಮತ್ತೆ ಎಲ್ಲಿ ಇದೆ?”

ಎಲ್ಲಿಯೂ ಇಲ್ಲ. ಮುಂದಿನ ಅಂಗಡಿಯಲ್ಲೂ ವಿಚಾರಿಸಿದೆವು. ಒಂದೇ ತೋಟದ ಒಂದೇ ಮರದ ಅಡಿಕೆ ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು, ಕೋಕಾ ಅಂತ ಬೇರೆಬೇರೆ ರಾಶಿಗೆ ಬೀಳುತ್ತದೆ. ಕಾರ್ಖಾನೆಯಿಂದ ಬಂದ ಟಿವಿಗಳಲ್ಲಿ ಮಾತ್ರ ಗೋಟು ಎಂಬುದೇ ಹುಟ್ಟುವುದಿಲ್ಲ. ಈ ಎ ಪ್ಲಸ್ ಕೊಡುವವರು ಯಾರು ಅಂತ ಕೇಳಿದರೆ, ಕಂಪನಿಯವರೇ. ತನ್ನ ಅಡಿಕೆಗೆ ತಾನೇ ದರ ಬರೆದುಕೊಳ್ಳುವ ಅವಕಾಶ ಇದ್ದಿದ್ದರೆ ನಮ್ಮ ಬಾವ ಇಷ್ಟು ಹೊತ್ತಿಗೆ ಹೆಲಿಕಾಪ್ಟರಿನಲ್ಲಿ ಔಷಧಿ ಹೊಡೆಯುತ್ತಿದ್ದ.

ಅಂಗಡಿಯಲ್ಲಿ ಮೂವತ್ತು ಟಿವಿ ಸಾಲಾಗಿ ಉರಿಯುತ್ತಿದ್ದವು. ಮೂವತ್ತರಲ್ಲೂ ಒಂದೇ: ಹಾಲಿನಲ್ಲಿ ಸ್ಟ್ರಾಬೆರಿ ನಿಧಾನಕ್ಕೆ ಬೀಳುತ್ತದೆ, ಆಮೇಲೆ ಒಂದು ಗಿಳಿ ಕತ್ತು ತಿರುಗಿಸುತ್ತದೆ, ಆಮೇಲೆ ಯಾವುದೋ ದೇಶದ ದೀಪ. ಬಾವ ಐದು ನಿಮಿಷ ಗಿಳಿ ನೋಡಿದ. “ಚಂದನ ಹಚ್ಚು ಮಾರಾಯಾ” ಅಂದ.

ಚಂದನ ಇಲ್ಲ. ಕೇಬಲ್ ಇಲ್ಲ, ಡಿಶ್ ಇಲ್ಲ. ಮೂವತ್ತು ಟಿವಿ ಇರುವ ಅಂಗಡಿಯಲ್ಲಿ ಒಂದು ಚಾನೆಲ್ ಇಲ್ಲ. ಸೀರೆ ಅಂಗಡಿಗೆ ಹೋದರೆ ಸೆರಗು ಬಿಡಿಸಿ ಹಾಸಿ ತೋರಿಸುತ್ತಾರೆ. ಬಾಳೆಹಣ್ಣಿನವನೂ ಒಂದು ಸುಲಿದು ಕೊಡುತ್ತಾನೆ. ಟಿವಿಯನ್ನು ಮಾತ್ರ ನಾವು ಮನೆಯಲ್ಲಿ ಯಾವತ್ತೂ ನೋಡದ ಸ್ಟ್ರಾಬೆರಿ ನೋಡಿ ಕೊಳ್ಳಬೇಕು.

ನಾನು ಹಟ ಹಿಡಿದೆ. ಹುಡುಗ ತನ್ನ ಮೊಬೈಲಿನಿಂದ ನೆಟ್ ಕೊಟ್ಟು ಯೂಟ್ಯೂಬಿನಲ್ಲಿ ಒಂದು ಯಕ್ಷಗಾನ ಹಚ್ಚಿದ. ಯಾರೋ ಪುಣ್ಯಾತ್ಮರು ರಾತ್ರಿ ಗದ್ದೆಬಯಲಲ್ಲಿ ಕೂತು ಮೊಬೈಲಿನಲ್ಲಿ ಹಿಡಿದದ್ದು. 4ಕೆ ಪರದೆಯ ಮೇಲೆ ಕೃಷ್ಣನ ಮುಖ ನೀರಲ್ಲಿ ನೆನೆದ ಅಂಚೆ ಚೀಟಿಯ ಹಾಗೆ ಕಂಡಿತು. ಚಂಡೆ ಪೆಟ್ಟು ಬಿಸ್ಕತ್ ಡಬ್ಬಿ ಬಡಿದ ಹಾಗೆ ಕೇಳಿತು. ಹುಡುಗ ಗಡಿಬಿಡಿಯಲ್ಲಿ ಮತ್ತೆ ಗಿಳಿ ತಂದ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. 4ಕೆ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಒಟ್ಟು ಸುಮಾರು 83 ಲಕ್ಷ. ನಾವು ತಿಂಗಳ ಪ್ಯಾಕ್ ಹಾಕಿಸಿ ನೋಡುವ ಸಾದಾ ಚಾನೆಲ್ ಕಳಿಸುವುದು ಹೆಚ್ಚೆಂದರೆ 720 ಗುಣಿಸು 576, ಅಂದರೆ ನಾಲ್ಕು ಲಕ್ಷದ ಆಚೀಚೆ. ಇಪ್ಪತ್ತು ಚುಕ್ಕಿಯಲ್ಲಿ ಒಂದು ನಿಜ. ಉಳಿದ ಹತ್ತೊಂಬತ್ತನ್ನು ಟಿವಿ ತಾನೇ ಊಹಿಸಿಕೊಂಡು ತುಂಬುತ್ತದೆ. ಒಂದು ಮಾತು ಕೇಳಿ ಹತ್ತೊಂಬತ್ತು ಸೇರಿಸಿ ಹೇಳುವವರು ನಮ್ಮೂರಲ್ಲಿ ಹಿಂದಿನಿಂದಲೂ ಇದ್ದಾರೆ. ಅವರಿಗೆ ಯಾರೂ 23,490 ರೂಪಾಯಿ ಕೊಟ್ಟಿರಲಿಲ್ಲ, ಅಷ್ಟೇ.

ಸರಿ, ಊಹೆ ಇಲ್ಲದ ಒಳ್ಳೇ ಚಿತ್ರವೇ ಬಂತು ಅಂತ ಇಟ್ಟುಕೊಳ್ಳಿ. ನಮ್ಮ ಜಗಲಿಯಲ್ಲಿ ಆಯಿಯ ಕುರ್ಚಿಯಿಂದ ಗೋಡೆಗೆ ಒಂಬತ್ತು ಅಡಿ. 43 ಇಂಚಿನ ಟಿವಿಯಿಂದ ಆರು ಅಡಿ ಆಚೆ ಹೋದರೆ, ಕಣ್ಣು ಚೆನ್ನಾಗಿರುವವರಿಗೂ ಫುಲ್ ಎಚ್‌ಡಿಯ, ಅಂದರೆ 4ಕೆಯ ಕಾಲು ಭಾಗ ಚುಕ್ಕಿ ಇರುವ ಪರದೆಯ, ಚುಕ್ಕಿಗಳು ಬೇರೆಬೇರೆ ಕಾಣುವುದಿಲ್ಲ. 4ಕೆ ಆದರೂ ಅಷ್ಟೇ, ಫುಲ್ ಎಚ್‌ಡಿ ಆದರೂ ಅಷ್ಟೇ. ಆಯಿಗೆ ಎರಡೂ ಕಣ್ಣಿನ ಪೊರೆ ಆಪರೇಶನ್ ಆಗಿದೆ. 83 ಲಕ್ಷ ಚುಕ್ಕಿ ನೋಡಬೇಕಾದರೆ ಅವಳು ಕುರ್ಚಿ ಎಳೆದುಕೊಂಡು ಟಿವಿಯ ಮಡಿಲಲ್ಲೇ ಕೂರಬೇಕು.

43 ಇಂಚು ಅನ್ನುವುದೂ ಒಂದು ಚಂದದ ಮಾತು. ಅದು ಮೂಲೆಯಿಂದ ಮೂಲೆಗೆ. ಅಗಲ ಹಿಡಿದರೆ ಮೂವತ್ತೇಳೂವರೆ ಇಂಚು. ತೋಟವನ್ನೂ ಹೀಗೇ ಓರೆಯಾಗಿ ಅಳೆಯುವ ಪದ್ಧತಿ ಇದ್ದಿದ್ದರೆ ನಮ್ಮ ಅಜ್ಜ ಜಮೀನ್ದಾರ ಆಗಿ ಸಾಯುತ್ತಿದ್ದ.

ಇನ್ನು ಪೆಟ್ಟಿಗೆಯ ಮೇಲೆ 107 ಕೋಟಿ ಬಣ್ಣ ಅಂತ ಬರೆದಿತ್ತು. ಸುಳ್ಳಲ್ಲ, 10 ಬಿಟ್ ಲೆಕ್ಕದಲ್ಲಿ, ಅಂದರೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 1,024 ಛಾಯೆ ಹಿಡಿದರೆ, ಅಷ್ಟಾಗುತ್ತದೆ. ನಾನು ಎಣಿಸಲು ಹೋಗಲಿಲ್ಲ. ಅಂಗಡಿಯಲ್ಲಿ ಟಿವಿಯನ್ನು ‘ವಿವಿಡ್’ ಅನ್ನುವ ಸ್ಥಿತಿಯಲ್ಲಿ ಇಟ್ಟಿರುತ್ತಾರೆ. ಗಿಳಿಗೆ ಅದು ಒಪ್ಪುತ್ತದೆ. ಮನೆಗೆ ತಂದು ಹಾಗೇ ಬಿಟ್ಟರೆ ವಾರ್ತೆ ಓದುವ ಹುಡುಗಿ ಯಕ್ಷಗಾನದ ರಾಕ್ಷಸನ ಬಣ್ಣದ ವೇಷದ ಹಾಗೆ ಕಾಣುತ್ತಾಳೆ. ಈಗ ಅಟ್ಟಹಾಸ ಮಾಡುತ್ತಾಳೋ ಏನೋ ಅಂತ ಹೆದರಿಕೆ. ಸೆಟ್ಟಿಂಗಿನಲ್ಲಿ ‘ಸಿನಿಮಾ’ ಅಂತ ಒಂದಿದೆ, ಅದಕ್ಕೆ ತಿರುಗಿಸಿದರೆ ಮನುಷ್ಯರು ಮನುಷ್ಯರ ಹಾಗೆ ಕಾಣುತ್ತಾರೆ. ಇದಕ್ಕೆ ದುಡ್ಡಿಲ್ಲ. ದುಡ್ಡಿಲ್ಲ ಅಂತಲೇ ಇರಬೇಕು, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಸದ್ದಿನ ವಿಷಯಕ್ಕೆ ಬಂದರೆ ಹುಡುಗ ಕೈ ಎತ್ತಿ ಸೂರು ತೋರಿಸಿದ. ಡಾಲ್ಬಿ ಅಟ್ಮಾಸ್ ಅಂತೆ, ಸದ್ದು ತಲೆ ಮೇಲಿಂದ ಬರುತ್ತದಂತೆ. ಟಿವಿ ಬಗ್ಗಿಸಿ ನೋಡಿದೆ. ಬೆರಳು ದಪ್ಪದ ಪೆಟ್ಟಿಗೆಯ ತಳದಲ್ಲಿ ಎರಡು ಪುಟ್ಟ ಸ್ಪೀಕರ್, ನೆಲ ನೋಡಿಕೊಂಡು ಕೂತಿದ್ದವು. ತಪ್ಪು ಮಾಡಿದ ಮಕ್ಕಳ ಹಾಗೆ. ತಲೆ ಮೇಲಿಂದ ಸದ್ದು ಬರಬೇಕು ಅಂದರೆ ನಮಗೆ ಅಟ್ಮಾಸ್ ಯಾಕೆ? ಜುಲೈ ತಿಂಗಳಲ್ಲಿ ನಮ್ಮ ತಗಡಿನ ಮಾಡಿನ ಕೆಳಗೆ ಬಂದು ಕೂರಿ. ಮೂರು ತಿಂಗಳು ಪುಕ್ಕಟೆ. ಆ ಸದ್ದನ್ನು ಮೀರಿ ವಾರ್ತೆ ಕೇಳಿಸುವ ಟಿವಿ ಇದೆಯಾ ಅಂತ ಕೇಳಿದೆ. ಹುಡುಗ ಸೌಂಡ್ ಬಾರ್ ತೋರಿಸಿದ. ಅದು ಬೇರೆ 7,000.

ಇಷ್ಟೆಲ್ಲ ಆದ ಮೇಲೂ ಬಾವ ಗಟ್ಟಿಯಾಗೇ ಇದ್ದ. ಒಂದು ಫುಲ್ ಎಚ್‌ಡಿ ತಗೊಂಡು, ಉಳಿದ ದುಡ್ಡಲ್ಲಿ ಒಳ್ಳೇ ಸ್ಟೆಬಿಲೈಸರ್ ಹಾಕಿಸು ಅಂದ. ಅವನು ಬಿದ್ದದ್ದು ದರದ ಚೀಟಿಗೆ.

ಚೀಟಿಯಲ್ಲಿ ಮೇಲೆ 59,990. ಅದರ ಮೇಲೆ ಕೆಂಪು ಗೀಟು. ಕೆಳಗೆ ದಪ್ಪ ಅಕ್ಷರದಲ್ಲಿ 23,490. ಪಕ್ಕದಲ್ಲಿ ‘ಶೇಕಡಾ 60 ಉಳಿತಾಯ, ಇವತ್ತೇ ಕೊನೆ’. ಆ 59,990 ಕೊಟ್ಟು ಈ ಟಿವಿ ಒಯ್ದವರು ಯಾರಾದರೂ ಇದ್ದಾರಾ ಅಂತ ನಾನು ಕೇಳಿದೆ. ಹುಡುಗ ನನ್ನನ್ನು ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು. ಗೀಟು ಹೊಡೆಯುವುದಕ್ಕೆ ಒಂದು ಸಂಖ್ಯೆ ಬೇಕಲ್ಲ, ಅದಕ್ಕಾಗಿ ಅದು ಹುಟ್ಟಿದ್ದು.

ಅದರ ಪಕ್ಕ ‘ಜಿಎಸ್‌ಟಿ ಇಳಿಕೆ’ ಅಂತ ಇನ್ನೊಂದು ಚೀಟಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದದ್ದು ನಿಜ. 32 ಇಂಚು ಮತ್ತು ಅದಕ್ಕಿಂತ ಚಿಕ್ಕದಕ್ಕೆ 2019ರಿಂದಲೇ 18. ಅಲ್ಲಿ ಇಳಿಯುವುದಕ್ಕೆ ಏನೂ ಇರಲಿಲ್ಲ. ಚೀಟಿ ಮಾತ್ರ 24 ಇಂಚಿನ ಟಿವಿಗೂ ಅಂಟಿತ್ತು, ಅದರ ಪಕ್ಕದ ಮಿಕ್ಸರಿಗೂ ಅಂಟಿತ್ತು. ಸಂತೋಷದಲ್ಲಿ ಭೇದ ಮಾಡಬಾರದು ಅಲ್ವಾ.

ಆದರೆ ಬಾವನನ್ನು ಕೆಡವಿದ್ದು ‘ಇವತ್ತೇ ಕೊನೆ’ ಅನ್ನುವ ಎರಡು ಶಬ್ದ. ಟೆಂಡರಿನ ಶಿಸ್ತಿನಲ್ಲಿ ಬೆಳೆದವನು. ಅಲ್ಲಿ ಹೊತ್ತು ಮೀರಿದರೆ ವ್ಯಾಪಾರಿ ದರ ಬರೆದ ಚೀಟಿ ತೆಗೆದುಕೊಳ್ಳುವುದಿಲ್ಲ. ಗೋಡೆ ಗಡಿಯಾರ ನೋಡಿದ. ಐದೂವರೆ. ಮುಖದಲ್ಲಿ ಗಾಬರಿ. “ತಗ ತಗ, ಇದನ್ನೇ ತಗ” ಅಂದ. ಫುಲ್ ಎಚ್‌ಡಿ, ಸ್ಟೆಬಿಲೈಸರ್, ಒಂಬತ್ತು ಅಡಿ ಎಲ್ಲ ಬಸ್‌ಸ್ಟ್ಯಾಂಡಿನ ಕಡೆ ಹೋದವು. ಮರುವಾರ ಅದೇ ದಾರಿಯಲ್ಲಿ ಬಂದಾಗ ಚೀಟಿ ಅಲ್ಲೇ ಇತ್ತು. ಅವತ್ತೂ ಕೊನೆ.

ದುಡ್ಡು ಎಣಿಸುವಾಗ ಹುಡುಗ, “ನೋ ಕಾಸ್ಟ್ ಇಎಂಐ ಮಾಡ್ರಿ ಸರ್, ಒಂದು ರೂಪಾಯಿ ಬಡ್ಡಿ ಇಲ್ರಿ, ಬರೇ ಪ್ರೊಸೆಸಿಂಗ್ ಫೀ” ಅಂದ. ಸೊನ್ನೆ ಬಡ್ಡಿಯ ಸ್ಕೀಮುಗಳಲ್ಲಿ ಬಡ್ಡಿಯನ್ನು ಫೀ ಹೆಸರಲ್ಲಿ ಮುಚ್ಚಿ ಗಿರಾಕಿಯ ತಲೆಗೇ ಕಟ್ಟುತ್ತಾರೆ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ನಾನು ನಗದು ಕೊಟ್ಟೆ. ಹುಡುಗನಿಗೆ ಬೇಜಾರಾಯಿತು.

ಟಿವಿ ಮನೆಗೆ ಬಂತು. ಆದರೆ ಬಿಚ್ಚುವ ಹಾಗಿಲ್ಲ. ಕಂಪನಿಯ ಹುಡುಗ ಬಂದೇ ಬಿಚ್ಚಬೇಕು, ನಾವು ಮುಟ್ಟಿದರೆ ವಾರಂಟಿ ಹೋಗುತ್ತದೆ ಅಂತ ಅಂಗಡಿಯವರು ಎರಡೆರಡು ಸಲ ಹೇಳಿದ್ದರು. ಕಂಪನಿಯ ಹುಡುಗ ಇರುವುದು ಹುಬ್ಬಳ್ಳಿಯಲ್ಲಿ, ನೂರು ಕಿಲೋಮೀಟರ್ ಆಚೆ. ‘ನಾಳೆ’ ಅಂದ. ಒಂಬತ್ತು ದಿನ ಆ ಪೆಟ್ಟಿಗೆ ಹೊಸ ಅಳಿಯನ ಹಾಗೆ ಜಗಲಿಯಲ್ಲಿ ನಿಂತಿತ್ತು. ಯಾರೂ ಒರಗುವ ಹಾಗಿಲ್ಲ, ಮಲಗಿಸುವ ಹಾಗಿಲ್ಲ. ಊರವರು ಬಂದರು. ಕವಳ ಹಾಕಿಕೊಂಡು ಪೆಟ್ಟಿಗೆ ನೋಡಿದರು. ಮೇಲಿನ ಅಕ್ಷರ ಓದಿದರು. “ಲಾಯ್ಕಿದ್ದು” ಅಂದರು. ಪಕ್ಕದ ಮನೆಯವರು 50 ಇಂಚಿಂದು ವಿಚಾರಿಸಲು ಶುರು ಮಾಡಿದ್ದು ಆವಾಗಲೇ. ಟಿವಿ ಮಾಡಬೇಕಾದ ಮುಖ್ಯ ಕೆಲಸವನ್ನು ಅದರ ಪೆಟ್ಟಿಗೆಯೇ ಮಾಡಿ ಮುಗಿಸಿತ್ತು.

ಹತ್ತನೇ ದಿನ ಹುಡುಗ ಬಂದ. ಗೋಡೆಗೆ ಡ್ರಿಲ್ ಹಚ್ಚಿದ. ನಮ್ಮದು ಅಜ್ಜನ ಕಾಲದ ಮಣ್ಣಿನ ಗೋಡೆ, ಒಂದು ಬುಟ್ಟಿ ಮಣ್ಣು ಕೆಳಗೆ ಬಂತು. “ಇದಕ್ಕ ನಿಲ್ಲಂಗಿಲ್ರಿ” ಅಂತ ಹೇಳಿ ಮೇಜಿನ ಮೇಲೆ ಇಟ್ಟ. ಇನ್‌ಸ್ಟಾಲೇಶನ್ ಫ್ರೀ. ಹಾಕದ ಬ್ರಾಕೆಟ್ಟಿಗೆ 600.

ಟಿವಿ ಎದ್ದ ಕೂಡಲೇ ನಮ್ಮನ್ನು ಪ್ರಶ್ನೆ ಕೇಳಲು ಶುರು ಮಾಡಿತು. ಯಾವ ದೇಶ, ಯಾವ ಭಾಷೆ, ಯಾವ ಇಮೇಲ್. ಹದಿನೆಂಟು ಪುಟದ ಷರತ್ತು ತೋರಿಸಿ ಒಪ್ಪಿಗೆಯಾ ಅಂದಿತು. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ಒಪ್ಪಿದ ಮೇಲೆ ಮೊದಲು ಬಂದದ್ದು ಜಾಹೀರಾತು. ರಿಮೋಟಿನಲ್ಲಿ ದುಡ್ಡು ಕೊಟ್ಟು ನೋಡುವ ಆ್ಯಪ್‌ಗಳಿಗೆ ನಾಲ್ಕು ದೊಡ್ಡ ಗುಂಡಿ. ಚಾನೆಲ್ ನಂಬರ್ ಒತ್ತಲು ಒಂದೂ ಇಲ್ಲ. ಆಯಿ ಸದ್ದು ಜಾಸ್ತಿ ಮಾಡಲು ಹೋಗಿ ಮೂರು ಸಲ ಕೊರಿಯಾ ದೇಶಕ್ಕೆ ಹೋಗಿ ಬಂದಳು.

ಕೊನೆಗೂ ಯಕ್ಷಗಾನ ಬಂತು. ಆಯಿ ಕಿವಿಗೆ ಕೈ ಹಿಡಿದು ಸ್ವಲ್ಪ ಹೊತ್ತು ಕೇಳಿದಳು. “ತಮಾ, ಭಾಗವತ್ರು ಬಾವಿ ಒಳಗೆ ಕೂತ್ಕಂಡು ಹಾಡ್ದಾಂಗೆ ಕೇಳ್ತು” ಅಂದಳು. ಅಷ್ಟರಲ್ಲಿ ಮೂಡಣ ಬೆಟ್ಟದ ಮೇಲೆ ಒಂದು ಮಿಂಚು. ಕಂಪನಿಯ ಹುಡುಗ ತಾನೇ ಓಡಿ ಹೋಗಿ ಪಿನ್ನು ಕಿತ್ತ. “ಗುಡುಗು ಬಂದ್ರ ಹಚ್ಚಬ್ಯಾಡ್ರಿ ಸರ್. ಸಿಡಿಲಿಗೆ ವಾರಂಟಿ ಇಲ್ರಿ.” ವೋಲ್ಟೇಜಿಗೂ ಇಲ್ಲವಂತೆ. ಶಿರಸಿಯಲ್ಲಿ ಟಿವಿ ಸಾಯುವುದು ಈ ಎರಡೇ ಕಾರಣಕ್ಕೆ. ಎರಡು ವರ್ಷ ಹೆಚ್ಚಿನ ವಾರಂಟಿಗೆ ಬೇರೆ 1,800 ಕೊಟ್ಟಿದ್ದೆ. ಹೋಗುವಾಗ, “ಪೆಟ್ಟಿಗಿ ಮಾತ್ರ ಒಗಿಬ್ಯಾಡ್ರಿ, ಬೇಕಾಕ್ಕತಿ” ಅಂತ ಹೇಳಿ ಹೋದ.

ಆಯಿ ಒಗೆಯಲಿಲ್ಲ. ಮರುದಿನ ಹಲಸಿನ ಹಪ್ಪಳದ ಕೆಲಸ ಇತ್ತು, ಚಾಪೆ ಸಾಲಲಿಲ್ಲ. ಪೆಟ್ಟಿಗೆಯನ್ನು ಸೀಳಿ ಅಂಗಳದಲ್ಲಿ ಹಾಸಿ, ಅದರ ಮೇಲೆ ಅರವತ್ತು ಹಪ್ಪಳ ಹಾಕಿದಳು. ನಾನು ವಾರಂಟಿ ವಾರಂಟಿ ಅಂತ ಓಡಿ ಬರುವಷ್ಟರಲ್ಲಿ ಬಿಸಿಲಿಗೆ ಅಂಚು ಏಳುತ್ತಿತ್ತು.

ಸಂಜೆ ಬಾವ ಬಂದ. ಟಿವಿ ನೋಡಲಿಲ್ಲ, ಅದರ ಪಿನ್ನು ಕಿತ್ತೇ ಇತ್ತು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಹಪ್ಪಳ ಎತ್ತಿದ. ಅದಕ್ಕೆ ಪೆಟ್ಟಿಗೆಯ ಶಾಯಿ ಹತ್ತಿತ್ತು, ಕನ್ನಡಿಯಲ್ಲಿ ಕಂಡ ಹಾಗೆ, ಪ್ಲಸ್ ಮುಂದೆ, ಎ ಹಿಂದೆ. ಬೆಳಕಿಗೆ ಹಿಡಿದ. ಬೆರಳಲ್ಲಿ ತಟ್ಟಿ ಸದ್ದು ಕೇಳಿದ. ಶಾಯಿ ಇಲ್ಲದ ಅಂಚು ಮುರಿದು ಬಾಯಿಗೆ ಹಾಕಿಕೊಂಡ.

“ಉಪ್ಪು ಚೂರು ಜಾಸ್ತಿ ಆಜು” ಅಂದ. “ಇದು ಬಿ ಗ್ರೇಡು.”