‘ಅರ್ಥ ಆಯ್ತಾ?’ ‘ಆಯ್ತು ಸರ್’

ಊರು ಬಿಟ್ಟು ಹೊರಗೆ ಕೆಲಸಕ್ಕೆ ಸೇರಿ 9 ವರ್ಷ ಆಯಿತು. ಆಫೀಸಿಗೆ ಹೊಸಬರು ಬಂದಾಗಲೆಲ್ಲ ನನ್ನ ಹಳೇ ಆಫೀಸಿನ ಮೊದಲ ದಿನ ನೆನಪಾಗುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಸ್ಲೈಡುಗಳು. ರಜೆಯ ನಿಯಮ, ಸುರಕ್ಷತೆ, ಕಂಪನಿ ಬೆಳೆದ ಕಥೆ, ಪಾಸ್‌ವರ್ಡಿನಲ್ಲಿ ಎಷ್ಟು ಅಕ್ಷರ ಇರಬೇಕು, ಎಲ್ಲ ಒಂದೇ ದಿನ. ಕೊನೆಗೊಂದು ಸಹಿ. ಓರಿಯೆಂಟೇಶನ್ ಮುಗೀತು! ಮಾರನೇ ದಿನ ಪ್ರಿಂಟರ್ ಎಲ್ಲಿದೆ ಅಂತಲೂ ನನಗೆ ಗೊತ್ತಿರಲಿಲ್ಲ.

ಇಲ್ಲಿ, ಈಗಿನ ಆಫೀಸಿನಲ್ಲಿ, ಮೊದಲ ದಿನ ಎರಡೇ ಗಂಟೆ. ಲಾಗಿನ್, ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿ, ಯಾವುದಕ್ಕೆ ಯಾರನ್ನು ಕೇಳಬೇಕು, ಅಷ್ಟೇ. ಉಳಿದದ್ದನ್ನು ಮೂರು ತಿಂಗಳಿಗೆ ಹಂಚಿದ್ದಾರೆ. ಅದಕ್ಕಿಂತ ಜಾಸ್ತಿ ನನಗೆ ಹಿಡಿಸಿದ್ದು ಬೇರೆ: ಇಲ್ಲಿ ಕಲಿಸುವವರಿಗೂ ಮೊದಲು ತರಬೇತಿ ಕೊಡುತ್ತಾರೆ.

ಈ ಉಪಾಯ ಹಳೆಯದು. 1940ರಲ್ಲಿ ಅಮೆರಿಕದ ಕಾರ್ಖಾನೆಗಳು ಯುದ್ಧದ ಸಾಮಾನು ತಯಾರಿಸಲು ಹೊರಟಾಗ, ಕೆಲಸವೇ ಗೊತ್ತಿಲ್ಲದ ಹೊಸಬರನ್ನು ಬೇಗ ಪಳಗಿಸಬೇಕಿತ್ತು. ಆಗ ಶುರುವಾದದ್ದು ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’. ಮೇಸ್ತ್ರಿಗಳಿಗೆ 10 ಗಂಟೆಯ ಪಾಠ, ಅದರಲ್ಲಿ ನಾಲ್ಕು ಹೆಜ್ಜೆ. ಕಲಿಯುವವರನ್ನು ಸಿದ್ಧಮಾಡು, ಮಾಡಿ ತೋರಿಸು, ಅವರ ಕೈಯಲ್ಲೇ ಮಾಡಿಸು, ಆಮೇಲೂ ಆಗಾಗ ಹೋಗಿ ನೋಡು. ಕೆಲಸಗಾರ ಕಲಿಯಲಿಲ್ಲ ಅಂದರೆ ಮೇಸ್ತ್ರಿ ಕಲಿಸಲಿಲ್ಲ ಅಂತಲೇ ಲೆಕ್ಕ. ಯುದ್ಧ ಮುಗಿದ ಮೇಲೆ ಇದು ಜಪಾನಿಗೂ ಹೋಯಿತು, ಟೊಯೋಟ ಬಿಡದೆ ಹಿಡಿದುಕೊಂಡಿತು.

ನಮ್ಮ ಹಳೇ ಆಫೀಸಿನಲ್ಲಿ ಮೂರನೇ ಹೆಜ್ಜೆಯೇ ಇರಲಿಲ್ಲ. ‘ಅರ್ಥ ಆಯ್ತಾ?’ ಅಂತ ಕೇಳುತ್ತಿದ್ದರು. ‘ಆಯ್ತು ಸರ್’ ಅನ್ನುತ್ತಿದ್ದೆವು. ಹತ್ತು ಜನರ ಮುಂದೆ ಇಲ್ಲ ಅನ್ನೋಕೆ ಯಾರಿಗೆ ಧೈರ್ಯ ಬರುತ್ತದೆ, ಅಲ್ವಾ? ಇಲ್ಲಿ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ‘ನೀವೇ ಮಾಡಿ, ಯಾಕೆ ಹಾಗೆ ಮಾಡ್ತೀರಿ ಅಂತ ಹೇಳ್ತಾ ಹೋಗಿ’ ಅನ್ನುತ್ತಾರೆ. ಮೊದಲ ಸಲ ನಾನು ಅರ್ಧದಲ್ಲೇ ಸಿಕ್ಕಿಬಿದ್ದೆ.

ಹಾಗಂತ ಇಲ್ಲಿನದೆಲ್ಲ ಚೆನ್ನ ಅನ್ನಲಾರೆ. ಪಟ್ಟಿಯಲ್ಲಿ ಇರುವುದನ್ನು ಅಚ್ಚುಕಟ್ಟಾಗಿ ಕಲಿಸುತ್ತಾರೆ, ಇಲ್ಲದ್ದನ್ನು ಕೇಳಿದರೆ ‘ಅದು ನನ್ನ ಭಾಗ ಅಲ್ಲ’. ಹಳೇ ಆಫೀಸಿನಲ್ಲಿ ಪಕ್ಕದ ಸೀಟಿನವರು ತಮ್ಮ ಕೆಲಸ ಮುಗಿಸಿ, ಕುರ್ಚಿ ಎಳೆದುಕೊಂಡು, ರಾತ್ರಿ ಎಂಟರವರೆಗೆ ಹೇಳಿಕೊಟ್ಟಿದ್ದಾರೆ. ನಾನು ಕೆಲಸ ಕಲಿತದ್ದೇ ಹಾಗೆ. ಅದಕ್ಕೆ ಯಾವ ಸಹಿಯೂ ಇರಲಿಲ್ಲ.

ಈ ವರ್ಷ ಹೊಸಬರಿಗೆ ಏನೇನು ಕಲಿಸಬೇಕು ಅನ್ನುವ ಪಟ್ಟಿ ಬರೆಯುವ ಕೆಲಸ ನನಗೆ ಬಂದಿದೆ. ವಾರಕ್ಕೆ ಅರ್ಧ ಗಂಟೆ, ವಿಷಯ ಖಾಲಿ ಬಿಟ್ಟು ಒಂದು ಸಾಲು ಸೇರಿಸಿದೆ. ‘ಇದರಲ್ಲಿ ಏನು ಕಲಿಸ್ತೀರಿ?’ ಅಂತ ಮ್ಯಾನೇಜರ್ ಕೇಳಿದರು. ‘ಅವರು ಕೇಳಿದ್ದು’ ಅಂದೆ.