ಊರಿನ ಸೊಸೈಟಿಗೆ ಒಂದೇ ಕೆಲಸ ಸಾಕೋ, ಹತ್ತು ಬೇಕೋ?

ಕೇಂದ್ರ ಸಹಕಾರ ಸಚಿವಾಲಯ 2023ರಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಒಂದು ಮಾದರಿ ಬೈಲಾ, ಅಂದರೆ ಸಂಘ ನಡೆಸುವ ನಿಯಮಾವಳಿ, ಕಳಿಸಿತು. ಅದರ ಪ್ರಕಾರ ಬೆಳೆ ಸಾಲ ಕೊಡುವ ಸೊಸೈಟಿ ಇನ್ನು ಗೋದಾಮು ಕಟ್ಟಬಹುದು, ಟ್ರ್ಯಾಕ್ಟರ್ ಬಾಡಿಗೆಗೆ ಬಿಡಬಹುದು, ಗ್ಯಾಸ್ ಮಾರಬಹುದು, ಪೆಟ್ರೋಲ್ ಬಂಕ್ ಕೂಡ ಹಾಕಬಹುದು. ಒಟ್ಟು 25ಕ್ಕೂ ಜಾಸ್ತಿ ಕೆಲಸಗಳ ಪಟ್ಟಿ. ಸಹಕಾರ ರಾಜ್ಯದ ವಿಷಯ, ಹಾಗಾಗಿ ಇದು ಬರೀ ಮಾದರಿ, ಆಜ್ಞೆಯಲ್ಲ. ಮಂಡ್ಯ ಜಿಲ್ಲೆಯ ಹಳ್ಳಿಗಳನ್ನು ಕಣ್ಣೆದುರು ಇಟ್ಟುಕೊಂಡು ಎರಡೂ ಕಡೆ ನಾನೇ ವಾದ ಮಾಡಿ ನೋಡಿದ್ದೇನೆ. ನನ್ನ ಒಲವು ಯಾವ ಕಡೆ ಅನ್ನೋದು ಓದುವಾಗ ಗೊತ್ತಾಗಿಬಿಡುತ್ತೆ, ಮುಚ್ಚಿಡೋದು ಯಾಕೆ.

ಪರ: ಬಾಗಿಲು ತೆಗೆದಿದ್ದರೆ ತಾನೇ ಸೊಸೈಟಿ

ಸಾಲದ ನವೀಕರಣದ ಹೊತ್ತಿಗೆ ಸೊಸೈಟಿ ಮುಂದೆ ಜನವೋ ಜನ. ಪಹಣಿ, ಆಧಾರ್ ಜೆರಾಕ್ಸ್ ಹಿಡಿದು ನಿಂತಿರುತ್ತಾರೆ. ಅದು ಮುಗಿದರೆ ಕಾರ್ಯದರ್ಶಿ, ಒಂದು ಫ್ಯಾನು, ಒಂದಿಷ್ಟು ಕಡತ. ಆದರೆ ಸಂಬಳ, ಕರೆಂಟ್ ಬಿಲ್, ಆಡಿಟ್ ಖರ್ಚು ಹನ್ನೆರಡು ತಿಂಗಳೂ ಇದ್ದದ್ದೇ. ಇನ್ನು ಆದಾಯ? ರಾಜ್ಯದಲ್ಲಿ 5 ಲಕ್ಷದವರೆಗೆ ಬೆಳೆ ಸಾಲಕ್ಕೆ ರೈತ ಬಡ್ಡಿ ಕಟ್ಟಬೇಕಿಲ್ಲ. ಆ ಬಡ್ಡಿ ಸರ್ಕಾರದಿಂದ ಬರಬೇಕು. ಸಂಘಕ್ಕೆ ಸಾಲದ ಹಣ ಒದಗಿಸುವ ಜಿಲ್ಲಾ ಸಹಕಾರ ಬ್ಯಾಂಕಿನ (ಡಿಸಿಸಿ) ಪಾಲು ಕಳೆದು ಸಂಘಕ್ಕೆ ಉಳಿಯೋದು ತೆಳ್ಳನೆಯ ಮಾರ್ಜಿನ್. ಇಷ್ಟರ ಮೇಲೆ ಒಂದು ಕಚೇರಿ ನಿಲ್ಲೋದು ಕಷ್ಟ.

ಅದೇ ಕಟ್ಟಡ, ಅದೇ ಕಾರ್ಯದರ್ಶಿ ಇಟ್ಟುಕೊಂಡು ಗೊಬ್ಬರ, ಬೀಜ, ರೇಷನ್ ಮಾರಿದರೆ ಖರ್ಚು ಹಂಚಿಹೋಗುತ್ತೆ. ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರು ಅಂದರೆ ಭತ್ತದ ನಾಟಿ ಎಲ್ಲರದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಯೂರಿಯಾ ಎಲ್ಲರಿಗೂ ಒಟ್ಟಿಗೇ ಬೇಕು. ಆಗ ಖಾಸಗಿ ಅಂಗಡಿಯವನು ಯೂರಿಯಾ ಬೇಕಾದರೆ ಇನ್ನೊಂದು ಸಾಮಾನೂ ತಗೋ ಅಂತಾನೆ. ಸೊಸೈಟಿಯಲ್ಲಿ ಚೀಲ ಇದ್ದರೆ ಈ ಕಾಟ ಇಲ್ಲ. ಲಾಭ ಬಂದರೂ ಅದು ಊರಿನ ಷೇರುದಾರರದ್ದು.

ಒಂದೇ ಕೆಲಸದ ಸಂಘ ಅನ್ನೋದು ದೊಡ್ಡ ತತ್ವವೇನಲ್ಲ. 1904ರ ಕಾಯ್ದೆಯಲ್ಲಿ ಸಾಲದ ಸಂಘಕ್ಕೆ ಮಾತ್ರ ಜಾಗ ಇತ್ತು. ಬೇರೆ ಬಗೆಯ ಸಂಘಗಳಿಗೆ ದಾರಿಯಾದದ್ದು 1912ರಲ್ಲಿ. ಬ್ರಿಟಿಷರ ಕಾಯ್ದೆ ಹೇಗಿತ್ತೋ ಸಂಘಗಳೂ ಹಾಗೇ ಹುಟ್ಟಿದವು, ಅಷ್ಟೇ. ಹಾಲಿನ ಡೇರಿಯನ್ನೇ ನೋಡಿ, ಪಶು ಆಹಾರದ ಮೂಟೆ ಅಲ್ಲೇ ಸಿಗಲ್ವಾ?

ವಿರೋಧ: ಸದಸ್ಯ ಯಾರು ಅಂತ ಮೊದಲು ಹೇಳಿ

ಸಿಗುತ್ತೆ. ಆದರೆ ಡೇರಿ ಮಾರುವ ಆ ಮೂಟೆಯೂ ಹಸುವಿಗೇ. ಗೆಜ್ಜಲಗೆರೆಯ ಹಾಲು ಒಕ್ಕೂಟಕ್ಕೆ ಹಾಲು ಕಳಿಸುವ ಹಳ್ಳಿ ಡೇರಿಯಲ್ಲಿ ಸದಸ್ಯ ಅಂದರೆ ಹಾಲು ಹಾಕುವವರು. ಬೇರೆ ಅರ್ಥವೇ ಇಲ್ಲ. ಬೆಳಿಗ್ಗೆ ಕ್ಯಾನ್ ಹಿಡಿದು ಬಂದ ಹೆಂಗಸು ಯಂತ್ರದ ಪರದೆ ಮೇಲೆ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡುತ್ತಾಳೆ. ನಿನ್ನೆಗಿಂತ ಫ್ಯಾಟ್ ಕಮ್ಮಿ ಬಂದಿದ್ದರೆ ಅಲ್ಲೇ ನಿಂತು ಜಗಳ ತೆಗೆಯುತ್ತಾಳೆ. ಬಟವಾಡೆ ದಿನ ಚೀಟಿಗಳನ್ನು ಕೂಡಿಸಿ ತಾಳೆ ಹಾಕುತ್ತಾಳೆ. ಆಡಿಟರ್ ಬರೋದು ವರ್ಷಕ್ಕೊಮ್ಮೆ, ಇವಳ ಆಡಿಟ್ ದಿನಕ್ಕೆರಡು ಸಲ. ನನ್ನ ಪ್ರಕಾರ ಡೇರಿ ನಿಂತಿರೋದೇ ಇದರ ಮೇಲೆ. ಸಂಸ್ಕರಣೆ, ಪ್ಯಾಕೆಟ್, ಮಾರಾಟ, ಪಶುವೈದ್ಯರು, ಇವೆಲ್ಲ ಒಕ್ಕೂಟದ ತಲೆನೋವು. ಹಳ್ಳಿ ಮಟ್ಟದಲ್ಲಿ ಕೆಲಸ ಸಣ್ಣದು, ಎಲ್ಲರಿಗೂ ಅರ್ಥವಾಗುವಂಥದ್ದು.

ಈಗ ಹತ್ತು ಕೆಲಸದ ಸೊಸೈಟಿಗೆ ಬನ್ನಿ. ಸಾಲ ತಗೊಂಡವನಿಗೆ ಬಡ್ಡಿ ಕಮ್ಮಿ ಇರಬೇಕು, ಠೇವಣಿ ಇಟ್ಟವನಿಗೆ ಜಾಸ್ತಿ ಬೇಕು. ಭತ್ತ ಮಾರುವವನಿಗೆ ರೇಟು ಏರಬೇಕು, ಅದೇ ಗೋದಾಮಿನಿಂದ ಅಕ್ಕಿ ಕೊಳ್ಳುವವಳಿಗೆ ಇಳಿಯಬೇಕು. ಬಂಕಿಗೆ ಬರುವ ಬೈಕಿನವನಂತೂ ಸದಸ್ಯನೇ ಅಲ್ಲ. ಉತ್ಪಾದಕರ ಸಂಘ, ಬಳಕೆದಾರರ ಸಂಘ, ಪತ್ತಿನ ಸಂಘ ಅಂತ ಬೇರೆ ಬೇರೆ ಬಗೆ ಮಾಡಿರೋದು ಸುಮ್ನೆ ಅಲ್ಲ. ಲಾಭ ಯಾರಿಂದ ಬರುತ್ತೆ, ಯಾರಿಗೆ ಹೋಗಬೇಕು ಅನ್ನೋದು ಒಂದೊಂದರಲ್ಲಿ ಒಂದೊಂದು ಥರ. ಎಲ್ಲವನ್ನೂ ಸೇರಿಸಿದರೆ ಒಬ್ಬರಿಗೆ ಒಂದು ಓಟು ಅನ್ನುವ ನಿಯಮ ಉಳಿಯುತ್ತೆ, ಆದರೆ ಯಾವುದಕ್ಕೆ ಓಟು ಹಾಕುತ್ತಿದ್ದೇವೆ ಅನ್ನೋದೇ ತಿಳಿಯಲ್ಲ.

ಟ್ರ್ಯಾಕ್ಟರ್ ಬಾಡಿಗೆ ಕಾಗದದ ಮೇಲೆ ಚೆನ್ನಾಗಿದೆ. ಆದರೆ ನಾಟಿ ಎಲ್ಲರದ್ದೂ ಒಟ್ಟಿಗೇ ಅಂತ ಪರ ವಾದವೇ ಒಪ್ಪಿಕೊಂಡಿದೆಯಲ್ಲ! ಗೊಬ್ಬರವನ್ನು ಮೊದಲೇ ತರಿಸಿಡಬಹುದು, ಟ್ರ್ಯಾಕ್ಟರ್ ಇರೋದು ಒಂದೋ ಎರಡೋ. ಯಾರ ಗದ್ದೆಗೆ ಮೊದಲು? ನಿರ್ದೇಶಕರ ಗದ್ದೆಗೆ. ಉಳಿದವರು ಬೇರೆ ಕಡೆ ಬಾಡಿಗೆ ಹುಡುಕಬೇಕು, ಆಮೇಲೆ ಸೊಸೈಟಿ ಟ್ರ್ಯಾಕ್ಟರ್ ವರ್ಷದ ಬಹುಪಾಲು ಸುಮ್ಮನೆ ನಿಂತಿರುತ್ತೆ.

ನನಗೆ ನಿಜಕ್ಕೂ ಹೆದರಿಕೆ ಇರೋದು ಠೇವಣಿ ಬಗ್ಗೆ. ಬ್ಯಾಂಕಿನಲ್ಲಿ ಇಟ್ಟ ಹಣಕ್ಕೆ 5 ಲಕ್ಷದವರೆಗೆ ವಿಮೆ ಉಂಟು. ಪ್ರಾಥಮಿಕ ಕೃಷಿ ಪತ್ತಿನ ಸಂಘ ಕಾನೂನಿನ ಕಣ್ಣಲ್ಲಿ ಬ್ಯಾಂಕ್ ಅಲ್ಲ, ಅಲ್ಲಿನ ಠೇವಣಿಗೆ ಆ ವಿಮೆ ಇಲ್ಲ. ಗೋದಾಮಿನಲ್ಲಿ ಗೊಬ್ಬರ ತೇವ ಹಿಡಿದು ಗಟ್ಟಿಯಾಯಿತು, ಬಂಕಿನಲ್ಲಿ ಉದ್ರಿ ಬೆಳೆಯಿತು ಅಂದರೆ ನಷ್ಟ ತುಂಬೋದು ಯಾವ ದುಡ್ಡಿನಿಂದ? ಮಗಳ ಮದುವೆಗೆ ಅಂತ ಯಾರೋ ಇಟ್ಟ ದುಡ್ಡಿನಿಂದ. ಲೆಕ್ಕ ಒಂದೇ ಆಗಿದ್ದರೆ ಅದು ಸರ್ವ ಸದಸ್ಯರ ಸಭೆಯಲ್ಲಿ ಗೊತ್ತಾಗೋದೂ ಇಲ್ಲ. ಒಟ್ಟು ಲಾಭ ಇಷ್ಟು ಅಂತ ಓದಿ, ಕಾಫಿ ಬಿಸ್ಕತ್ ಕೊಟ್ಟು ಮುಗಿಸುತ್ತಾರೆ.

ಸಂಬಳ ಹುಟ್ಟಲ್ಲ ಅನ್ನೋದು ನಿಜ, ಅದನ್ನು ನಾನು ತಳ್ಳಿಹಾಕಲ್ಲ. ಗೊಬ್ಬರ ಸೇರಿಸಿಕೊಳ್ಳಲಿ, ಸಾಲ ತಗೊಂಡವನೇ ಗೊಬ್ಬರವನ್ನೂ ಕೊಳ್ಳುವವನು. ರೇಷನ್ ಇರಲಿ, ಅಲ್ಲಿ ಬೆಲೆ ಸರ್ಕಾರದ್ದು. ಬಂಕು, ಗ್ಯಾಸು ಬೇಕೇ ಬೇಕು ಅನ್ನುವ ಊರು ಅದಕ್ಕೆ ಬೇರೆ ಸಂಘ ನೋಂದಾಯಿಸಲಿ, ಬೇರೆ ಷೇರು ಎತ್ತಲಿ. ದುಡ್ಡು ಹಾಕುವವರು ಮುಂದೆ ಬರದಿದ್ದರೆ ಊರಿಗೆ ಆ ಬಂಕು ಬೇಕಿರಲಿಲ್ಲ ಅಂತಲೇ ಲೆಕ್ಕ.