ಉಪಾಧ್ಯಕ್ಷರ ಫೋಟೋ ಮಾತ್ರ ಅರ್ಧ ಗಂಟೆಯಲ್ಲಿ ಲೈವ್

ಬೆಂಗಳೂರಿನ ಇನ್ಫೋಸಿಸ್‌ನ ಫಿನಾಕಲ್ ಸಾಫ್ಟ್‌ವೇರ್ ಮೇಲೆ ಹತ್ತಾರು ದೇಶಗಳ ಬ್ಯಾಂಕುಗಳು ನಡೆಯುತ್ತಿವೆ. ಸಹಕಾರದಲ್ಲೂ ನಾವೇ ಮುಂದು. 1905ರಲ್ಲೇ ಗದಗದ ಪಕ್ಕದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದವರು ನಾವು. ಸಾಫ್ಟ್‌ವೇರೂ ನಮ್ಮದು, ಸಹಕಾರವೂ ನಮ್ಮದು. ಎರಡೂ ಸೇರಿದರೆ ಏನಾಗಬೇಕು? 'ಸರ್ವರ್ ಡೌನ್' ಆಗುತ್ತದೆ. ತಾಲ್ಲೂಕು ಕೇಂದ್ರದ ಪಟ್ಟಣ ಸಹಕಾರಿ ಬ್ಯಾಂಕಿಗೆ ಹೋಗಿ ನೋಡಿ, ಕ್ಯಾಶ್ ಕೌಂಟರಿನ ಗಾಜಿಗೆ ಆ ಚೀಟಿ ಅಂಟಿಸಿರುತ್ತಾರೆ. ಅದನ್ನು ಲ್ಯಾಮಿನೇಟ್ ಬೇರೆ ಮಾಡಿಸಿರುತ್ತಾರೆ. ಅಂದರೆ ದೂರದೃಷ್ಟಿ ಇಲ್ಲ ಅನ್ನುವ ಹಾಗಿಲ್ಲ.

ಬ್ಯಾಂಕಿನ ಹೆಸರು ಬೇಡ ಬಿಡಿ. ನಿಮ್ಮೂರಿನದೇ ಅಂದುಕೊಳ್ಳಿ, ತಪ್ಪೇನೂ ಆಗಲ್ಲ.

ಅಲ್ಲಿ ಒಂದು ಸಣ್ಣ ಕೆಲಸ ಆಗಬೇಕಿದೆ. ಪಾಸ್‌ಬುಕ್ಕಿನಲ್ಲಿ ಒತ್ತಕ್ಷರ ಸರಿಯಾಗಿ ಬೀಳುತ್ತಿಲ್ಲ. ಮಲ್ಲಮ್ಮ ಎನ್ನುವ ಹೆಸರು 'ಮಲ್‌ಲಮ್‌ಮ' ಅಂತ ಬರುತ್ತದೆ. ಇದನ್ನು ಸರಿ ಮಾಡೋಕೆ ಗೊತ್ತಿರುವ ಹುಡುಗನಿಗೆ ಒಂದು ಮಧ್ಯಾಹ್ನ ಸಾಕು. ಆದರೆ ಹುಡುಗನಿಗೂ ಮಲ್ಲಮ್ಮನಿಗೂ ಮಧ್ಯೆ ಒಂದು ಬ್ಯಾಂಕಿದೆ.

ಮೊದಲು ಬ್ರಾಂಚ್ ಮ್ಯಾನೇಜರ್ ಹೆಡ್ ಆಫೀಸಿಗೆ ಪತ್ರ ಬರೆಯಬೇಕು. ಹೆಡ್ ಆಫೀಸಿನಲ್ಲಿ ಐಟಿ ವಿಭಾಗ ಇದೆ. ವಿಭಾಗ ಅಂದರೆ ಒಬ್ಬರು. ಸಿಸಿಟಿವಿ, ಪ್ರಿಂಟರ್ ಟೋನರ್, ಯುಪಿಎಸ್ ಬ್ಯಾಟರಿಗೆ ನೀರು, ಎಲ್ಲಾ ಅವರದೇ. ಅವರು ವೆಂಡರ್‌ಗೆ ಫೋನ್ ಮಾಡುತ್ತಾರೆ. "ಇದು ಎಎಂಸಿಯಲ್ಲಿ ಬರಲ್ಲ ಸಾರ್, ಸಿಆರ್ ಹಾಕಿ" ಅಂತ ಉತ್ತರ ಬರುತ್ತದೆ. ಎಎಂಸಿ ಅಂದರೆ ವರ್ಷದ ನಿರ್ವಹಣೆ ಒಪ್ಪಂದ. ಸಿಆರ್ ಅಂದರೆ ಚೇಂಜ್ ರಿಕ್ವೆಸ್ಟ್, ಬೇರೆ ದುಡ್ಡು. ಸಿಆರ್ ಆಡಳಿತ ಮಂಡಳಿಗೆ ಹೋಗುತ್ತದೆ. ಕಟ್ಟಡಕ್ಕೆ ಯಾವ ಬಣ್ಣ ಎನ್ನುವ ವಿಷಯ ಮುಗಿದು, ಮೈಸೂರು ಪಾಕೂ ಮುಗಿದ ಮೇಲೆ ಇದರ ಸರದಿ. ಒಬ್ಬ ನಿರ್ದೇಶಕರು ಗಂಭೀರವಾಗಿ ಹೇಳುತ್ತಾರೆ, "ನಿಯಮ ಅಂದ್ರೆ ನಿಯಮ. ಮೂರು ಕೊಟೇಷನ್ ತರಿಸಿ." ಸಾಫ್ಟ್‌ವೇರ್ ಬರೆದವನು ಒಬ್ಬ, ಕೋಡ್ ಇರುವುದು ಅವನ ಹತ್ತಿರ ಮಾತ್ರ, ಬೇರೆ ಯಾರಿಗೂ ಅದನ್ನು ಮುಟ್ಟುವ ಹಕ್ಕಿಲ್ಲ. ಆದರೂ ಮೂರು ಕೊಟೇಷನ್! ಕೊನೆಗೆ ವೆಂಡರೇ ಪಾಪ ಇನ್ನೆರಡು ಲೆಟರ್‌ಹೆಡ್ ಹೊಂದಿಸಿ ಕಳಿಸುತ್ತಾನೆ.

ಈಗ ಟೆಸ್ಟಿಂಗ್. ಸಂಜೆ ಕ್ಯಾಶ್ ತಾಳೆ ಹಾಕಿ ಬಸ್ಸಿಗೆ ಹೊರಟ ಕ್ಯಾಷಿಯರ್ ಅನ್ನು ಕೂರಿಸುತ್ತಾರೆ. ಪ್ರತ್ಯೇಕ ಟೆಸ್ಟ್ ಸರ್ವರ್ ಇದೆ, ಆದರೆ ಅದರಲ್ಲಿರುವುದು ಹಳೇ ವರ್ಷನ್. ಅದರೊಳಗಿನ ಗ್ರಾಹಕರ ಹೆಸರು ಎಬಿಸಿ ಮತ್ತು ಎಕ್ಸ್‌ವೈಜೆಡ್. ಒತ್ತಕ್ಷರ ಬೀಳುತ್ತಾ ಅಂತ ನೋಡಬೇಕು, ಎಬಿಸಿಯಲ್ಲಿ ಒತ್ತಕ್ಷರವೇ ಇಲ್ಲ. ಪಾಸ್! 'ಪರಿಶೀಲಿಸಿ ಸರಿ ಇದೆ' ಎಂದು ಸಹಿ, ಮೇಲೆ ಸೀಲು. ಅದೇ ಫಾರಂನಲ್ಲಿ 'ಏನಾದರೂ ಕೆಟ್ಟರೆ ಹಳೆಯ ಸ್ಥಿತಿಗೆ ತರುವುದು ಹೇಗೆ' ಅಂತ ಒಂದು ಕಾಲಂ ಇದೆ. ಅದರಲ್ಲಿ 'ಅನ್ವಯಿಸುವುದಿಲ್ಲ' ಅಂತ ಬರೆದಿರುತ್ತಾರೆ. ನನಗೆ ಇಡೀ ಫಾರಂನಲ್ಲಿ ಅತ್ಯಂತ ಪ್ರಾಮಾಣಿಕ ಅನಿಸಿದ್ದು ಇದೊಂದೇ ಸಾಲು.

ಇನ್ನು ರಿಲೀಸ್ ಯಾವಾಗ? ಮಾರ್ಚ್‌ನಲ್ಲಿ ಇಯರ್ ಎಂಡಿಂಗ್, ಆಗಲ್ಲ. ಏಪ್ರಿಲ್, ಮೇನಲ್ಲಿ ಆಡಿಟ್. ಜೂನ್ ಕ್ವಾರ್ಟರ್ ಎಂಡ್. ಆಮೇಲೆ ಆಷಾಢ, ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಫೈಲ್ ಮುಂದಕ್ಕೂ ಹೋಗಲ್ಲ. ಸೆಪ್ಟೆಂಬರ್‌ನಲ್ಲಿ ಮಹಾಸಭೆ, ಅದರ ಬೆನ್ನಿಗೆ ಪಿತೃಪಕ್ಷ, ಅರ್ಧವಾರ್ಷಿಕ ಲೆಕ್ಕ. ಆರ್‌ಬಿಐ ಇನ್‌ಸ್ಪೆಕ್ಷನ್ ಯಾವಾಗ ಬೇಕಾದರೂ ಬರಬಹುದು. ಹೀಗೆ ಕಳೆದು ಕಳೆದು ಉಳಿಯುವುದು ನವೆಂಬರ್‌ನ ಒಂದು ಎರಡನೇ ಶನಿವಾರ. ವರ್ಷವಿಡೀ ಕೂಡಿಟ್ಟ ಬದಲಾವಣೆಗಳನ್ನೆಲ್ಲ ಆ ಒಂದೇ ರಾತ್ರಿ ಬಿಡುತ್ತಾರೆ, ವರ್ಷದ ಬಟ್ಟೆಯನ್ನೆಲ್ಲ ಒಂದೇ ಬಕೆಟ್ಟಿಗೆ ತುಂಬಿದ ಹಾಗೆ. ಸೋಮವಾರ ಬೆಳಿಗ್ಗೆ ಬಡ್ಡಿ ಲೆಕ್ಕ ತಪ್ಪುತ್ತದೆ. ಯಾವ ಬದಲಾವಣೆಯಿಂದ ತಪ್ಪಿತು ಅಂತ ಯಾರಿಗೂ ಗೊತ್ತಾಗಲ್ಲ. ಎಲ್ಲವನ್ನೂ ವಾಪಸ್ ತೆಗೆಯುತ್ತಾರೆ, ಒತ್ತಕ್ಷರ ಸೇರಿ.

ಒಂದೇ ಏಟಿಗೆ ಎಲ್ಲಾ ಮಾಡಿ ಮುಗಿಸುವ ಆಸೆ ದೊಡ್ಡವರಿಗೂ ಇದೆ, ಅದು ಬೇರೆ ಮಾತು. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಒಂದೇ ವಾರಾಂತ್ಯದಲ್ಲಿ ತನ್ನ ಸುಮಾರು 52 ಲಕ್ಷ ಗ್ರಾಹಕರ ಲೆಕ್ಕವನ್ನು ಹೊಸ ವ್ಯವಸ್ಥೆಗೆ ಸಾಗಿಸಲು ಹೋಯಿತು. ಲಕ್ಷಾಂತರ ಜನ ತಮ್ಮ ಖಾತೆಯ ಹೊರಗೇ ನಿಂತರು. ಎಲ್ಲಾ ಒಂದು ಹದಕ್ಕೆ ಬರಲು ಆ ವರ್ಷದ ಡಿಸೆಂಬರ್ ಆಯಿತು. 2022ರಲ್ಲಿ ಸುಮಾರು 4.87 ಕೋಟಿ ಪೌಂಡ್ ದಂಡ ಬಿತ್ತು. ಸ್ವಲ್ಪ ಸ್ವಲ್ಪವೇ, ಆಗಾಗ ಬಿಡಿ, ಕೆಟ್ಟರೂ ಸ್ವಲ್ಪವೇ ಕೆಡುತ್ತದೆ ಅಂತ ಸಾಫ್ಟ್‌ವೇರ್‌ನವರು ಎಷ್ಟೋ ವರ್ಷದಿಂದ ಬಡ್ಕೊಳ್ಳುತ್ತಿದ್ದಾರೆ. ನಮ್ಮ ಆಡಳಿತ ಮಂಡಳಿಗೆ ಮಾತ್ರ 'ಆಗಾಗ' ಅಂದರೆ ಆಗಾಗ ಸಹಿ ಹಾಕಬೇಕಲ್ಲ ಅನ್ನುವ ಚಿಂತೆ.

ಬೇಗ ಕೆಲಸ ಮಾಡೋಕೆ ಬರಲ್ಲ ಅಂತಲ್ಲ. ಹೊಸ ಉಪಾಧ್ಯಕ್ಷರು ಬಂದ ದಿನ ಮೊಬೈಲ್ ಆ್ಯಪ್‌ನ ಮೊದಲ ಪುಟಕ್ಕೆ ಅವರ ಫೋಟೋ ಅರ್ಧ ಗಂಟೆಯಲ್ಲಿ ಬಂತು. ಸಿಆರ್ ಇಲ್ಲ, ಕೊಟೇಷನ್ ಇಲ್ಲ, ಟೆಸ್ಟಿಂಗ್ ಇಲ್ಲ, ರಾಹುಕಾಲ ಕೂಡ ನೋಡಲಿಲ್ಲ. ಫೋಟೋದ ಅಡಿಯಲ್ಲಿ ಬ್ಯಾಲೆನ್ಸ್ ನೋಡುವ ಬಟನ್ ಮುಚ್ಚಿಹೋಯಿತು. ಅದನ್ನು ಸರಿ ಮಾಡೋಕೆ ಸಿಆರ್ ಹಾಕಿದ್ದಾರೆ.

ಭದ್ರತೆಗೋಸ್ಕರ ನಿಧಾನ ಅಂತ ಒಂದು ಸಮರ್ಥನೆ ಇದೆ. ಸರಿ, ಅದನ್ನೂ ನೋಡೋಣ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಹ್ಯಾಕರ್‌ಗಳು ಸುಮಾರು 94 ಕೋಟಿ ರೂಪಾಯಿ ಎತ್ತಿದರು. 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಎಂಬ ಒಂದೇ ಕಂಪನಿಗೆ ರಾನ್ಸಮ್‌ವೇರ್, ಅಂದರೆ ಕಂಪ್ಯೂಟರಿಗೆ ಬೀಗ ಜಡಿದು ಒತ್ತೆ ಹಣ ಕೇಳುವ ತಂತ್ರಾಂಶ, ತಗುಲಿತು, ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ ವಗೈರೆ ನಿಂತುಹೋಯಿತು. ಕಳ್ಳ ರಜೆ ನೋಡಲ್ಲ, ಕ್ವಾರ್ಟರ್ ಎಂಡಿಂಗ್ ಅಂತ ಕಾಯಲ್ಲ. ತಿಂಗಳಾನುಗಟ್ಟಲೆ ಪ್ಯಾಚ್ (ಸಾಫ್ಟ್‌ವೇರ್ ತೂತು ಮುಚ್ಚುವ ತೇಪೆ) ಹಾಕದೆ ಇಟ್ಟ ಸರ್ವರ್‌ಗೆ ಕಾವಲು ಅಂದರೆ ಹನ್ನೊಂದು ಸಹಿ ಇರುವ ಫೈಲ್, ಅದೂ ಬೀಗ ಹಾಕಿದ ಗಾಡ್ರೆಜ್ ಬೀರುವಿನಲ್ಲಿ. ಫೈಲ್ ಮಾತ್ರ ನಿಜವಾಗಿಯೂ ಸೇಫ್. ನಾಳೆ ಏನಾದರೂ ಆದರೆ ಆ ಸಹಿಗಳು ಸಹಿ ಹಾಕಿದವರನ್ನು ಕಾಯುತ್ತವೆ, ಮಲ್ಲಮ್ಮನ ದುಡ್ಡನ್ನಲ್ಲ.

ದಕ್ಷತೆ ಹೆಚ್ಚಿಸೋಕೂ ಪ್ರಯತ್ನ ಆಗಿದೆ. ಬೆಂಗಳೂರಿನಿಂದ ಕನ್ಸಲ್ಟೆಂಟ್ ಒಬ್ಬರನ್ನು ಕರೆಸಿದರು. ಅವರು ಅಜೈಲ್ ಅಂದರು, ಅಂದರೆ ಸಣ್ಣ ಸಣ್ಣ ಕಂತಿನಲ್ಲಿ ಬೇಗ ಬೇಗ ಕೆಲಸ ಮುಗಿಸುವ ಪದ್ಧತಿ, ದಿನಾ ಬೆಳಿಗ್ಗೆ ನಿಂತುಕೊಂಡೇ ಹತ್ತು ನಿಮಿಷ ಮೀಟಿಂಗ್ ಮಾಡಿ ಅಂದರು. ಹಿರಿಯ ನಿರ್ದೇಶಕರಿಗೆ ಮಂಡಿನೋವು, ಹಾಗಾಗಿ ಕುರ್ಚಿ ಬಂತು. ಕುರ್ಚಿ ಬಂದ ಮೇಲೆ ಕಾಫಿ ಬಂತು. ಕಾಫಿ ಬಂದ ಮೇಲೆ ಹತ್ತು ನಿಮಿಷದಲ್ಲಿ ಏಳೋರು ಯಾರು? ಫಾರಂ ಈಗ ಪೇಪರ್‌ಲೆಸ್ ಆಗಿದೆ: ಪ್ರಿಂಟ್ ತೆಗೆದು ಸಹಿ ಹಾಕಿ, ಸ್ಕ್ಯಾನ್ ಮಾಡಿ ಮೇಲ್ ಮಾಡುತ್ತಾರೆ. ಮೇಲ್ ತಲುಪಿದವರು ಮತ್ತೆ ಪ್ರಿಂಟ್ ತೆಗೆದು ಫೈಲಿಗೆ ಹಾಕುತ್ತಾರೆ.

ಸಣ್ಣ ಬ್ಯಾಂಕುಗಳು ಒಬ್ಬೊಬ್ಬರೇ ಒದ್ದಾಡೋದು ಬೇಡ ಅಂತ ನಗರ ಸಹಕಾರಿ ಬ್ಯಾಂಕುಗಳಿಗೆ ಒಂದು ಮಾತೃ ಸಂಸ್ಥೆಯೂ ಶುರುವಾಗಿದೆ, ಎನ್‌ಯುಸಿಎಫ್‌ಡಿಸಿ ಅಂತ, 2024ರ ಮಾರ್ಚ್‌ನಲ್ಲಿ. ತಂತ್ರಜ್ಞಾನದ ನೆರವೂ ಅದರ ಕೆಲಸ. ಒಳ್ಳೆಯ ಯೋಚನೆ, ಇದರಲ್ಲಿ ಗೇಲಿ ಮಾಡುವಂಥದ್ದೇನೂ ಇಲ್ಲ. ಸೇರಬೇಕೋ ಬೇಡವೋ ಅಂತ ನಮ್ಮ ಬ್ಯಾಂಕು ಉಪಸಮಿತಿ ರಚಿಸಿದೆ. ಇಡೀ ದೇಶಕ್ಕೆ ಅಂಥದ್ದು ಇರುವುದು ಅದೊಂದೇ. ಉಪಸಮಿತಿ ಮೂರು ಕೊಟೇಷನ್ ಕೇಳಿದೆ.